ಅವ್ವ ಕಲಿಸಿದ ಎರಡು ಮಾತು

ಬಾಸೆಲ್ ಮಿಷನ್ ಕಟ್ಟಿದ ಬೆಟಗೇರಿ ಚರ್ಚಿನಲ್ಲಿ ಬೆಳೆದವನು ನಾನು. ಕೆಲಸಕ್ಕೆಂದು ವಿಜಯವಾಡಕ್ಕೆ ಬಂದ ಮೊದಲ ಭಾನುವಾರ ತೆಲುಗು ಕೀರ್ತನೆ ಪುಸ್ತಕ ಬಿಡಿಸಿದರೆ, ಅಕ್ಷರಗಳು ಹೆಚ್ಚುಕಡಿಮೆ ನಮ್ಮವೇ. ತಲೆಕಟ್ಟು ಮಾತ್ರ ಬೇರೆ. 1947ರಲ್ಲಿ ರೂಪುಗೊಂಡ ಸಿಎಸ್‌ಐ ಸಭೆ ಎರಡೂ ಕಡೆ ಇರುವುದರಿಂದ ಎಲ್ಲಿ ಏಳಬೇಕು, ಎಲ್ಲಿ ಕೂರಬೇಕು ಎಂಬುದೂ ಗೊತ್ತಿತ್ತು. ವರ್ಷದೊಳಗೆ ನನ್ನ ಪ್ರಾರ್ಥನೆಯೂ ತೆಲುಗಾಯಿತು.

ಈಗ ವಿಶಾಖಪಟ್ಟಣದಲ್ಲಿದ್ದೇವೆ. ಅವ್ವನ ಮಣ್ಣು ಮುಗಿಸಿ ಮರಳಿದ ಭಾನುವಾರ, ಮೌನ ಪ್ರಾರ್ಥನೆಯ ಹೊತ್ತಿನಲ್ಲಿ ತೆಲುಗು ಬರಲೇ ಇಲ್ಲ. ಬಂದದ್ದು ಊಟಕ್ಕೆ ಮುಂಚೆ ಅವ್ವ ಹೇಳಿಸುತ್ತಿದ್ದ ಎರಡು ಕನ್ನಡದ ಮಾತು. ಅದೂ ತುಸು ಜೋರಾಗಿಯೇ.

ಮಧ್ಯಾಹ್ನ ವಿಜಯವಾಡದ ದಿನಗಳ ಗೆಳೆಯರಿಬ್ಬರು ಬಂದರು. ಏನೂ ಕೇಳದೆ ನಮ್ಮನ್ನು ರಾಸ್ ಹಿಲ್‌ಗೆ ಕರೆದೊಯ್ದರು. ಬಂದರಿನ ಬಾಯಲ್ಲಿ ಅಕ್ಕಪಕ್ಕ ಮೂರು ಗುಡ್ಡ: ಒಂದರ ಮೇಲೆ ಮೇರಿ ಮಾತೆಯ ಚರ್ಚು, ಒಂದರ ಮೇಲೆ ದರ್ಗಾ, ಇನ್ನೊಂದರ ಮೇಲೆ ವೆಂಕಟೇಶ್ವರ. ಕೆಳಗೆ ಹಡಗೊಂದು ನಿಧಾನವಾಗಿ ಒಳಬರುತ್ತಿತ್ತು. ಅದು ದಡ ಸೇರುವವರೆಗೂ ಯಾರೂ ಮಾತಾಡಲಿಲ್ಲ.

ಸಂಜೆ ಆರ್‌.ಕೆ. ಬೀಚ್‌ನಲ್ಲಿ ಮುರಿ ಮಿಕ್ಸ್ಚರ್ ತಿನ್ನುತ್ತ ಮಗಳು ಕೇಳಿದಳು: “ಪಪ್ಪಾ, ಬೆಳಿಗ್ಗೆ ಅಂದದ್ದು ಅಜ್ಜಿ ಪ್ರಾರ್ಥನೆ ಅಲ್ಲಾ? ನನಗ್ಯಾಕ ಕಲಿಸಿಲ್ಲ?”

ರಾತ್ರಿ ಊಟಕ್ಕೆ ಕೂತಾಗ ಹೇಳಿಕೊಟ್ಟೆ. ಎರಡೇ ಮಾತು. ಮುಗಿಸುವಷ್ಟರಲ್ಲಿ ಸಾರು ಆರಿಹೋಗಿತ್ತು.