ಮುಂದಿನ ಲೋಕಲ್ ಎಷ್ಟೊತ್ತಿಗೆ?

ಲೋಕಲ್ ಎಂದರೆ ಪುಣೆಯ ಬಹಳ ಜನರಿಗೂ ನೆನಪಾಗುವುದು ಮುಂಬೈ. ನಮ್ಮೂರಲ್ಲೂ ಒಂದು ಲೋಕಲ್ ಇದೆ, 1978ರ ಮಾರ್ಚ್ 11ರಿಂದ ಓಡುತ್ತಿದೆ ಎಂದು ಕೋಥರೂಡಿನವರಿಗೋ ಕಾತ್ರಜಿನವರಿಗೋ ಹೇಳಿದರೆ 'ಹೌದಾ?' ಎನ್ನುತ್ತಾರೆ. ಅವರನ್ನು ದೂರುವಂತಿಲ್ಲ, ಆ ಗಾಡಿ ಅವರ ದಿಕ್ಕಿಗೆ ಮುಖ ಮಾಡುವುದೇ ಇಲ್ಲ. ಪುಣೆ ಜಂಕ್ಷನ್ನಿನಿಂದ ಹೊರಟು ಶಿವಾಜಿನಗರ, ಖಡಕಿ, ದಾಪೋಡಿ, ಕಾಸರವಾಡಿ, ಪಿಂಪ್ರಿ, ಚಿಂಚವಡ, ಆಕುರ್ಡಿ, ದೇಹೂರೋಡ್ ದಾಟಿ, ಆಮೇಲೆ ಊರು ಕರಗಿ ಹೊಲಗದ್ದೆ ಶುರುವಾಗುವ ಬೇಗಡೆವಾಡಿ, ಘೋರಾವಾಡಿ, ತಳೇಗಾಂವ, ವಡಗಾಂವ, ಕಾನ್ಹೆ, ಕಾಮಶೇತ, ಮಳವಲಿಗಳಲ್ಲಿ ನಿಂತು ನಿಂತು ಲೋಣಾವಳಾ ಮುಟ್ಟುತ್ತದೆ. 17 ನಿಲ್ದಾಣ, ಸುಮಾರು 64 ಕಿಲೋಮೀಟರು, ಹೆಚ್ಚುಕಡಿಮೆ ಒಂದು ಗಂಟೆ ಇಪ್ಪತ್ತು ನಿಮಿಷ. ಈ ತುದಿಯಿಂದ ಆ ತುದಿಗೆ ಟಿಕೆಟ್ 15 ರೂಪಾಯಿ. ಈ ಕಾಲದಲ್ಲಿ ಆ ದುಡ್ಡಿಗೆ ರಿಕ್ಷಾದವನು ಮೀಟರು ಕೂಡ ಹಾಕುವುದಿಲ್ಲ.

ನನಗೆ ಈ ಗಾಡಿಯ ಮೇಲೆ ಅಕ್ಕರೆ. ಅದರೊಳಗೆ ಕೂತರೆ ಪುಣೆಯ ಬೆವರು ಸುರಿಸುವ ಅರ್ಧ ಭಾಗ ಕಣ್ಣಿಗೆ ಬೀಳುತ್ತದೆ. ಖಡಕಿಯಲ್ಲಿ ಮದ್ದುಗುಂಡಿನ ಕಾರ್ಖಾನೆ, ದೇಹೂರೋಡಿನಲ್ಲಿ ಸೈನ್ಯದ ಡಿಪೊ, ಪಿಂಪ್ರಿಯಲ್ಲಿ 1954ರಲ್ಲಿ ಬಂದ ಹಿಂದೂಸ್ತಾನ್ ಆ್ಯಂಟಿಬಯೋಟಿಕ್ಸ್, ಆಕುರ್ಡಿಯಲ್ಲಿ ಬಜಾಜ್. ಊರಿಗೆ ಊರೇ ಸ್ಕೂಟರ್ ಹತ್ತಿದ ಪುಣೆಗೆ ಆ ಸ್ಕೂಟರುಗಳನ್ನು ಮಾಡಿಕೊಟ್ಟ ಕೈಗಳು ಎಷ್ಟೋ ಈ ಲೋಕಲ್ ಹಿಡಿದೇ ಬಂದವು. ಮಾವಳದ ಹಾಲಿನವರು ಕ್ಯಾನು ಹೊತ್ತು ಬರುತ್ತಾರೆ. ತಳೇಗಾಂವ, ಲೋಣಾವಳಾ ಕಡೆಯ ಇಂಜಿನಿಯರಿಂಗ್ ಕಾಲೇಜಿನ ಹುಡುಗರು ಬಾಗಿಲಲ್ಲಿ ಗುಂಪುಗಟ್ಟುತ್ತಾರೆ. ತುಕಾರಾಮರ ದೇಹೂವಿಗೆ ಹೋಗುವ ವಾರಕರಿಗಳು ಕೈಯಲ್ಲಿ ತಾಳ ಹಿಡಿದೇ ಹತ್ತುತ್ತಾರೆ. ನಮ್ಮವರೂ ಇದ್ದಾರೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ ಕನ್ನಡ ಬೆಳಗಿನ ಬೋಗಿಯಲ್ಲಿ ಧಾರಾಳವಾಗಿ ಕಿವಿಗೆ ಬೀಳುತ್ತದೆ.

ನಮ್ಮವರ ಮಾತು ಬಂತೆಂದು ಒಂದು ಹಳೆಯ ಸಂಗತಿ ಹೇಳಿಯೇ ಮುಂದೆ ಹೋಗುತ್ತೇನೆ. ಮಳವಲಿಯಲ್ಲಿ ಇಳಿದು ಕಾರ್ಲೆಯ ಗುಹೆಗೆ ಹೋದರೆ ಅಲ್ಲಿನ ಚೈತ್ಯದಲ್ಲೊಂದು ಬ್ರಾಹ್ಮೀ ಶಾಸನವಿದೆ. ಜಂಬೂದ್ವೀಪದಲ್ಲೇ ಉತ್ತಮವಾದ ಈ ಶಿಲಾಗೃಹವನ್ನು ವೈಜಯಂತಿಯ ಶ್ರೇಷ್ಠಿ ಭೂತಪಾಲ ಪೂರ್ತಿ ಮಾಡಿಸಿದ ಎಂಬುದು ಅದರ ತಾತ್ಪರ್ಯ. ವೈಜಯಂತಿ ಎಂದರೆ ನಮ್ಮ ಬನವಾಸಿ ಎನ್ನುತ್ತಾರೆ ಇತಿಹಾಸಕಾರರು. ಸುಮಾರು ಎರಡು ಸಾವಿರ ವರ್ಷದ ಕೆಳಗೆ ಬನವಾಸಿಯ ವ್ಯಾಪಾರಿಯೊಬ್ಬ ಸಹ್ಯಾದ್ರಿಯ ಈ ಮಗ್ಗುಲಿಗೆ ಬಂದು ಇಷ್ಟು ದೊಡ್ಡ ದಾನ ಮಾಡಿದ. ಘಟ್ಟದ ಮೇಲಿನ ಸರಕು ಕಡಲತೀರಕ್ಕೆ ಇಳಿಯುವ ದಾರಿ ಇದೇ ಆಗಿತ್ತು, ವ್ಯಾಪಾರಿಗಳು ಇದ್ದದ್ದು ಅದಕ್ಕೇ. ರೈಲು ಬಂದದ್ದೂ ಅದೇ ದಾರಿಯಲ್ಲಿ. 1858ರ ಜೂನ್‌ನಲ್ಲಿ ಖಂಡಾಲಾದಿಂದ ಪುಣೆಗೆ ಗಾಡಿ ಶುರುವಾದಾಗ ಕೆಳಗೆ ಬೋರ್‌ಘಾಟ್‌ನ ಹಳಿ ಇನ್ನೂ ಮುಗಿದಿರಲಿಲ್ಲ. ಜನ ಪಲ್ಲಕ್ಕಿ, ಕುದುರೆ, ಬಂಡಿಗಳಲ್ಲಿ ಘಟ್ಟ ಹತ್ತಿ ಬಂದು ಮೇಲೆ ರೈಲು ಹಿಡಿಯುತ್ತಿದ್ದರು. ಘಟ್ಟದ ಹಳಿ ಕೂಡಿಕೊಂಡದ್ದು 1863ರಲ್ಲಿ. ಇವತ್ತಿಗೂ ಮುಂಬೈಯ ಲೋಕಲ್ ಕರ್ಜತಿಗೇ ನಿಲ್ಲುತ್ತದೆ, ಪುಣೆಯದು ಲೋಣಾವಳಾಕ್ಕೇ ತಿರುಗುತ್ತದೆ. ನಡುವೆ ಇರುವ ಘಟ್ಟದ ಏರು 37 ಅಡಿಗೆ ಒಂದು ಅಡಿಯಷ್ಟು ಕಡಿದು. ದೊಡ್ಡ ಗಾಡಿಗಳಿಗೆ ಹಿಂದಿನಿಂದ ಬೇರೆ ಎಂಜಿನ್ ಕಟ್ಟಿ ತಳ್ಳಿಸಬೇಕು.

ಇಷ್ಟೆಲ್ಲ ಹೇಳಿದ್ದಕ್ಕೆ ಕಾರಣವಿದೆ. ಈ ಹಳಿ ಹಾಕಿದ್ದು ಬೊಂಬಾಯಿಗೋಸ್ಕರ. ಪಿಂಪ್ರಿಯ ಕಾರ್ಮಿಕ, ಕಾಮಶೇತದ ಹಾಲಿನವ ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ. 1930ರ ಜೂನ್ 1ರಂದು ಡೆಕ್ಕನ್ ಕ್ವೀನ್ ಓಡತೊಡಗಿದ ಮೇಲಂತೂ ಈ ದಾರಿಯ ಮಾನ ಮರ್ಯಾದೆ ಎಲ್ಲ ಮುಂಬೈ ಗಾಡಿಗಳ ಪಾಲಾಯಿತು. ಲೋಕಲ್ ಬಂದದ್ದು ಅದಾಗಿ ಸುಮಾರು ಅರ್ಧ ಶತಮಾನದ ಮೇಲೆ. ಬಂದಾಗ ಅದಕ್ಕೆಂದು ಪ್ರತ್ಯೇಕ ಹಳಿ ಹಾಕಲಿಲ್ಲ, ಇದ್ದ ಎರಡರಲ್ಲೇ ಜಾಗ ಮಾಡಿಕೊಟ್ಟರು.

ತೊಡಕು ಇರುವುದು ಇಲ್ಲೇ. ಒಂದೇ ಇಕ್ಕಟ್ಟಾದ ಓಣಿಯಲ್ಲಿ ಚಕ್ಕಡಿಯೂ ಕುದುರೆಯೂ ಹೋಗಬೇಕಾದ ಹಾಗೆ. ಲೋಕಲ್ ಎಲ್ಲ ಕಡೆ ನಿಲ್ಲುತ್ತ ಒಂದು ಗಂಟೆ ಇಪ್ಪತ್ತು ನಿಮಿಷ ತೆಗೆದುಕೊಳ್ಳುವ ದೂರವನ್ನು ಎಕ್ಸ್‌ಪ್ರೆಸ್ ಗಾಡಿ ಸುಮಾರು ಒಂದು ಗಂಟೆಯಲ್ಲಿ ಮುಗಿಸುತ್ತದೆ. ಹಿಂದೆಯೇ ಎಕ್ಸ್‌ಪ್ರೆಸ್ ಬಿಟ್ಟರೆ ತಳೇಗಾಂವದ ಆಸುಪಾಸಿನಲ್ಲೆಲ್ಲೋ ಅದು ಲೋಕಲ್ಲಿನ ಬೆನ್ನು ಹತ್ತುತ್ತದೆ. ಆಗ ಲೋಕಲ್ಲನ್ನು ಬದಿಗೆ ಸರಿಸಿ ನಿಲ್ಲಿಸಬೇಕು, ಇಲ್ಲವೇ ಎರಡರ ನಡುವೆ ಮೊದಲೇ ಇಪ್ಪತ್ತು ಇಪ್ಪತ್ತೈದು ನಿಮಿಷ ಖಾಲಿ ಬಿಡಬೇಕು. ಡೆಕ್ಕನ್ ಕ್ವೀನ್, ಪ್ರಗತಿ, ಸಿಂಹಗಡ, ಇಂದ್ರಾಯಣಿ, ದಕ್ಷಿಣದಿಂದ ಬರುವ ದೂರದ ಗಾಡಿಗಳು, ಗೂಡ್ಸು ಇವುಗಳಿಗೆಲ್ಲ ಹೀಗೆ ಜಾಗ ಬಿಡುತ್ತ ಹೋದರೆ ಲೋಕಲ್ಲಿಗೆ ಉಳಿಯುವ ಹೊತ್ತೆಷ್ಟು? ಹೊಸ ಬೋಗಿ, ಎಸಿ ಬೋಗಿ ಎಂದು ಬೇಡಿಕೆ ಇಡುವವರಿಗೆ ನಾನು ಹೇಳುವುದು ಇದನ್ನೇ. ಬೋಗಿ ಹೇಗಾದರೂ ಇರಲಿ, ಒಂದು ಗಾಡಿ ತಪ್ಪಿದರೆ ಮುಂದಿನದು ಎಷ್ಟೊತ್ತಿಗೆ ಎಂಬುದನ್ನು ಮೊದಲು ನೋಡಬೇಕು. ದಿನಾ ಓಡಾಡುವವನ ಮಟ್ಟಿಗೆ ರೈಲಿನ ಯೋಗ್ಯತೆ ತೀರ್ಮಾನವಾಗುವುದು ಆ ಪ್ರಶ್ನೆಯ ಉತ್ತರದಿಂದ.

ಅದೂ ಮಧ್ಯಾಹ್ನದ ಹೊತ್ತಿಗೆ ಈ ಪ್ರಶ್ನೆ ಬಲು ಕಷ್ಟದ್ದು. ಬೆಳಗಿನ ಭರಾಟೆ ಇಳಿದ ಮೇಲೆ ಹಳಿ, ತಂತಿ, ಸಿಗ್ನಲ್ಲುಗಳ ದುರಸ್ತಿಗೆಂದು ಕೆಲವು ಗಂಟೆ ಬ್ಲಾಕ್ ಇಡುತ್ತಾರೆ. ಬಹಳ ವರ್ಷ ಆ ಹೊತ್ತಿನಲ್ಲಿ ಲೋಕಲ್ ಇಲ್ಲವೆಂದೇ ಜನ ರೂಢಿಸಿಕೊಂಡಿದ್ದರು. ಒತ್ತಾಯ ಹೆಚ್ಚಿದ ಮೇಲೆ ಮಧ್ಯಾಹ್ನದ ಓಡಾಟ ಒಂದಿಷ್ಟು ಮರಳಿತು, ಸಾಲದು. ಆಕುರ್ಡಿಯ ಪ್ಲಾಟ್‌ಫಾರ್ಮಿನಲ್ಲಿ ಇಂಥ ಹೊತ್ತಿನಲ್ಲೇ ಇಬ್ಬರ ಮಾತು ನನ್ನ ಕಿವಿಗೆ ಬಿತ್ತು.

"ತಮ್ಮಾ, ಮುಂದಿನ ಗಾಡಿ ಎಷ್ಟಕ್ಕೈತೊ?"

"ಇನ್ನ ತಡಾ ಐತ್ರಿ ಕಾಕಾ. ಈಗ ಬ್ಲಾಕ್ ನಡದೈತಿ."

"ಹಂಗಾರ ಶಿಫ್ಟ್ ಮುಗಿಸ್ಕೊಂಡು ಬಂದವ್ರು ಏನ್ ಮಾಡ್ಬೇಕೊ?"

ಹುಡುಗ ಸುಮ್ಮನಾದ. ಕಾಕಾ ಕೇಳಿದ್ದು ಯೋಜನೆ ಮಾಡುವವರು ಉತ್ತರಿಸಬೇಕಾದ ಪ್ರಶ್ನೆ. ಕಾರ್ಖಾನೆಯ ಮೊದಲ ಪಾಳಿ ಬಿಡುವುದು, ಕಾಲೇಜು ಬಿಡುವುದು, ಆಸ್ಪತ್ರೆಯ ಕೆಲಸ ಮುಗಿಸಿ ಹಳ್ಳಿಯವರು ಮನೆಗೆ ಹೊರಡುವುದು ಎಲ್ಲ ಮಧ್ಯಾಹ್ನದಲ್ಲೇ. ಹಾಗೆಂದು ದುರಸ್ತಿ ಬೇಡವೆನ್ನುವಂತಿಲ್ಲ. ಬಿಸಿಲಲ್ಲಿ ಹಳಿ ಬಿಗಿಮಾಡುವ ಗ್ಯಾಂಗಿನವರ ಜೀವ, ಪ್ರಯಾಣಿಕರ ಜೀವ ಎರಡೂ ಆ ಬ್ಲಾಕಿನ ಮೇಲೆ ನಿಂತಿವೆ. ಎರಡೇ ಹಳಿ ಇರುವಲ್ಲಿ ಒಂದನ್ನು ಮುಚ್ಚಿದರೆ ಓಡಾಟ ನಿಂತಂತೆಯೇ. ನಾಲ್ಕಿದ್ದರೆ ಎರಡರಲ್ಲಿ ಕೆಲಸ ನಡೆಯುವಾಗ ಉಳಿದೆರಡರಲ್ಲಿ ಗಾಡಿ ಓಡಿಸಬಹುದು.

ಹೀಗಾಗಿ ಪುಣೆ-ಲೋಣಾವಳಾ ನಡುವೆ ಮೂರನೆಯ, ನಾಲ್ಕನೆಯ ಹಳಿ ಎಂಬ ಮಾತು ವರ್ಷಾನುಗಟ್ಟಲೆಯಿಂದ ಕೇಳಿಬರುತ್ತಿದೆ. ಸರ್ವೆ, ವರದಿ, ವೆಚ್ಚದ ಹಂಚಿಕೆ ಎಂದು ಅದು ತೆವಳುತ್ತ ಬಂತು. 2025ರಲ್ಲಿ ಮಹಾರಾಷ್ಟ್ರ ಸರ್ಕಾರ ತನ್ನ ಪಾಲಿನ ಹೊರೆ ಹೊರಲು ಒಪ್ಪಿಗೆ ಕೊಟ್ಟಿತು. ಜಾಗದ ಕೆಲಸ ಸುಲಭವಿಲ್ಲ. ಖಡಕಿ, ದೇಹೂರೋಡಿನಲ್ಲಿ ಹಳಿಯ ಪಕ್ಕಕ್ಕೇ ಸೈನ್ಯದ ಜಮೀನು, ದಾಪೋಡಿಯಿಂದ ಚಿಂಚವಡದವರೆಗೆ ಒತ್ತೊತ್ತಾಗಿ ಮನೆಗಳು. ಆ ಮನೆಗಳವರಿಗೆ ಹತ್ತಿರದಲ್ಲೇ ಸೂರು ಕೊಟ್ಟು ಆಮೇಲೆ ಗುದ್ದಲಿ ಹಾಕಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅವರಲ್ಲಿ ಎಷ್ಟೋ ಮಂದಿ ಇದೇ ಲೋಕಲ್ಲಿನ ಪಾಸ್ ಇಟ್ಟುಕೊಂಡವರು.

ಹಳಿ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಮೊದಲನೆಯದು ಸಿಗ್ನಲ್. ಹಳೆಯ ಪದ್ಧತಿಯಲ್ಲಿ ಒಂದು ಗಾಡಿ ಮುಂದಿನ ನಿಲ್ದಾಣ ಸೇರುವ ತನಕ ಇನ್ನೊಂದನ್ನು ಬಿಡುವಂತಿಲ್ಲ. ಸ್ವಯಂಚಾಲಿತ ಸಿಗ್ನಲ್ ಇದ್ದರೆ ಎರಡು ನಿಲ್ದಾಣಗಳ ನಡುವಿನ ಹಾದಿಯೇ ತುಂಡುಗಳಾಗಿ, ಮುಂದಿನ ಗಾಡಿ ಆ ತುಂಡು ಬಿಟ್ಟ ಕೂಡಲೇ ಹಿಂದಿನದಕ್ಕೆ ದಾರಿ ತೆರೆಯುತ್ತದೆ. ಈ ಮಾರ್ಗದಲ್ಲಿ ಆ ಕೆಲಸ ಹಂತಹಂತವಾಗಿ ನಡೆಯುತ್ತ ಬಂದಿದೆ. ಜೊತೆಗೆ ಲೆವೆಲ್ ಕ್ರಾಸಿಂಗ್ ಇರುವ ಕಡೆಗಳಲ್ಲಿ ಸೇತುವೆ ಆಗಬೇಕು. ಗಾಡಿ ಹೆಚ್ಚಿದಷ್ಟೂ ಗೇಟು ಮುಚ್ಚುವುದು ಹೆಚ್ಚುತ್ತದೆ, ಆಗ ರಸ್ತೆಯವರೇ ಹೊಸ ಲೋಕಲ್ ಬೇಡವೆನ್ನುತ್ತಾರೆ.

ಇನ್ನೊಂದು ಮೆಟ್ರೋ. 2022ರ ಮಾರ್ಚ್ 6ರಂದು ಪಿಂಪ್ರಿಯಿಂದ ಫುಗೇವಾಡಿಗೆ ಶುರುವಾದ ಮೆಟ್ರೋ 2024ರ ಸೆಪ್ಟೆಂಬರ್ ಹೊತ್ತಿಗೆ ಸ್ವಾರಗೇಟ್ ಮುಟ್ಟಿತು. ಪಿಂಪ್ರಿ, ಕಾಸರವಾಡಿ, ದಾಪೋಡಿಯಲ್ಲಿ ಕೆಳಗೆ ಲೋಕಲ್, ಪಕ್ಕದಲ್ಲೇ ಕಂಬದ ಮೇಲೆ ಮೆಟ್ರೋ. ಇನ್ನು ಲೋಕಲ್ ಯಾಕೆ ಎಂದು ಕೇಳುವವರಿದ್ದಾರೆ. ತಳೇಗಾಂವದವನಿಗೆ, ಕಾಮಶೇತದವಳಿಗೆ ಮೆಟ್ರೋ ಇಲ್ಲ. ಅವರು ಲೋಕಲ್ಲಿನಲ್ಲಿ ಬಂದು ಮೆಟ್ರೋ ಹತ್ತುವಂತಾದರೆ ಎರಡೂ ಗೆಲ್ಲುತ್ತವೆ. ಉದಾಹರಣೆಗೆ, ಪುಣೆಯ ನಮ್ಮ ಕನ್ನಡ ಸಂಘ ಎರಂಡವಣೆಯಲ್ಲಿದೆ, ಸಂಘದ ಡಾ. ಕಲ್ಮಾಡಿ ಶಾಮರಾವ್ ಶಾಲೆಯೂ ಅಲ್ಲೇ. ಚಿಂಚವಡದ ಕನ್ನಡಿಗರು ಸಂಘದ ನಾಟಕಕ್ಕೆ ಬರಬೇಕೆಂದರೆ ಲೋಕಲ್ಲಿನಲ್ಲಿ ಶಿವಾಜಿನಗರಕ್ಕೆ ಬಂದು, ಅಲ್ಲಿಂದ ಮೆಟ್ರೋದಲ್ಲಿ ಸಿವಿಲ್ ಕೋರ್ಟ್, ಅಲ್ಲಿ ಬದಲಿಸಿ ವನಾಜ್ ಕಡೆಯ ಗಾಡಿ. ನಡುವೆ ರಸ್ತೆ ದಾಟದೆ ನೆರಳಲ್ಲೇ ನಡೆಯುವ ದಾರಿ, ಲೋಕಲ್ಲಿಗೂ ಮೆಟ್ರೋಗೂ ಪಿಎಂಪಿ ಬಸ್ಸಿಗೂ ಸಲ್ಲುವ ಒಂದೇ ಟಿಕೆಟ್, ನಾಟಕ ಮುಗಿದ ಮೇಲೆ ಮನೆಗೆ ಕರೆದೊಯ್ಯುವ ಒಂದು ತಡರಾತ್ರಿಯ ಗಾಡಿ ಬೇಕು. ಇವಕ್ಕೆ ಹೊಸ ಹಳಿ ಬೇಕಾಗಿಲ್ಲ, ಮೂರು ಕಚೇರಿಗಳವರು ಒಂದು ಮೇಜಿನ ಸುತ್ತ ಕೂತರೆ ಆಯಿತು.

ಬೆಂಗಳೂರಿನಲ್ಲಿ ಸಂಪಿಗೆ, ಮಲ್ಲಿಗೆ, ಪಾರಿಜಾತ, ಕನಕ ಎಂದು ಚೆಂದದ ಹೆಸರಿಟ್ಟು 148 ಕಿಲೋಮೀಟರಿನ ಉಪನಗರ ರೈಲಿಗೆ 2022ರ ಜೂನ್‌ನಲ್ಲಿ ಶಂಕುಸ್ಥಾಪನೆ ಮಾಡಿದರು. ಅಲ್ಲಿಯ ನೆಂಟರು ಅದರ ದಾರಿ ಕಾಯುತ್ತಿರುವುದನ್ನು ನೋಡುವಾಗ ಪುಣೆಗೆ 1978ರಲ್ಲೇ ಸಿಕ್ಕ ಭಾಗ್ಯದ ಬೆಲೆ ತಿಳಿಯುತ್ತದೆ. ಅಲ್ಲಿಯದು ಲೋಕಲ್ಲಿಗೇ ಮೀಸಲಾದ ಹಳಿ ಎನ್ನುವುದನ್ನು ಪುಣೆಯವರು ಗಮನಿಸಬೇಕು.

ಕೊನೆಗೆ ದೌಂಡ್. ಪುಣೆಯಿಂದ ಪೂರ್ವಕ್ಕೆ ಹಡಪಸರ, ಮಾಂಜರಿ, ಲೋಣಿ, ಉರುಳಿ, ಯವತ, ಕೇಡಗಾಂವ ಮೇಲೆ ಹೋಗುವ ಸುಮಾರು 75 ಕಿಲೋಮೀಟರಿನ ಈ ಹಾದಿಗೂ ವಿದ್ಯುತ್ ತಂತಿ ಬಂದು ವರ್ಷಗಳಾದವು. 2017ರಲ್ಲಿ ಡೀಸೆಲ್‌ನಲ್ಲಿ ಓಡುವ ಡೆಮು ಗಾಡಿ ಬಂತು. ಉಪನಗರ ಮಾರ್ಗವೆಂದು ಒಪ್ಪಿ ಪೂರ್ಣ ಪ್ರಮಾಣದ ಲೋಕಲ್ ಕೊಡಿ ಎಂದು ಅಲ್ಲಿಯ ಜನ ಕೇಳುತ್ತಲೇ ಇದ್ದಾರೆ. ಇದು ಬರೀ ಅವರ ಅನುಕೂಲದ ಮಾತಲ್ಲ. ಪುಣೆ ಜಂಕ್ಷನ್ನಿನಲ್ಲಿ ಇರುವುದು ಆರೇ ಪ್ಲಾಟ್‌ಫಾರ್ಮ್. ಲೋಣಾವಳಾದಿಂದ ಬಂದ ಲೋಕಲ್ ಅಲ್ಲೇ ನಿಂತು, ಮೋಟರ್‌ಮನ್ ಈ ತುದಿಯಿಂದ ಆ ತುದಿಗೆ ನಡೆದು ಹೋಗಿ ಮತ್ತೆ ಹೊರಡುವ ತನಕ ಒಂದು ಪ್ಲಾಟ್‌ಫಾರ್ಮ್ ಹಿಡಿದುಕೊಂಡಿರುತ್ತದೆ, ಹೊರಗೆ ಬೇರೆ ಗಾಡಿ ಕಾಯುತ್ತದೆ. ಅದೇ ಲೋಕಲ್ ಪುಣೆಯಲ್ಲಿ ಜನರನ್ನು ಇಳಿಸಿ ಹತ್ತಿಸಿಕೊಂಡು ನೇರ ದೌಂಡಿಗೆ ಸಾಗಿದರೆ ಎರಡು ಮೂರು ನಿಮಿಷದಲ್ಲಿ ಜಾಗ ತೆರವಾಗುತ್ತದೆ. ತಳೇಗಾಂವದವರು ಇಳಿಯದೆ ಹಡಪಸರದ ಕೆಲಸಕ್ಕೆ ಹೋಗಬಹುದು. ಕಲಬುರಗಿಯ ಕಡೆಗೆ ಹೋಗುವ ಗಾಡಿಗಳು ದೌಂಡಿನಲ್ಲಿ ನಿಲ್ಲುತ್ತವೆ. ಆಕುರ್ಡಿಯ ಆ ಕಾಕಾನಂಥವರು ಊರಿನ ಜಾತ್ರೆಗೆ ಹೊರಟಾಗ ಪುಣೆಯ ನೂಕುನುಗ್ಗಲಲ್ಲಿ ಗಂಟುಮೂಟೆ ಹೊತ್ತು ಪ್ಲಾಟ್‌ಫಾರ್ಮ್ ಬದಲಿಸದೆ, ಒಂದೇ ಲೋಕಲ್ಲಿನಲ್ಲಿ ದೌಂಡಿನವರೆಗೆ ಕೂತು ಹೋಗಬಹುದು.