ಇದು ಚಾಡಿಯಲ್ಲ

ಕುಡಿದು ಬಂದವರನ್ನು ಗುರುತಿಸುವ ವಿದ್ಯೆಯನ್ನು ನಮ್ಮ ಹೆಣ್ಣುಮಕ್ಕಳಿಗೆ ಯಾರೂ ಕಲಿಸಬೇಕಾಗಿಲ್ಲ. ಅಂಗಳದಲ್ಲಿ ಚಪ್ಪಲಿ ಬಿಟ್ಟ ಸಪ್ಪಳದಿಂದಲೇ, ಒಳಗೆ ರೊಟ್ಟಿ ಬಡಿಯುತ್ತ ಕೂತವಳಿಗೆ ಎಷ್ಟು ಏರಿದೆಯೆಂದು ತಿಳಿದುಬಿಡುತ್ತದೆ. 'ಊಟಕ್ಕ ನೀಡು' ಎಂಬ ಎರಡು ಶಬ್ದಗಳು ತೂಕ ತಪ್ಪಿ ಬಿದ್ದರೆ ಸಾಕು, ಮಕ್ಕಳನ್ನು ಪಡಸಾಲೆಯಿಂದ ಒಳಕ್ಕೆ ಕರೆದುಕೊಳ್ಳುತ್ತಾಳೆ. ಅಮೆರಿಕದ ಇಂಡಿಯಾನಾ ರಾಜ್ಯದ ಪೊಲೀಸ್ ಇಲಾಖೆಯಲ್ಲಿದ್ದ ರಾಬರ್ಟ್ ಬೊರ್ಕೆನ್‌ಸ್ಟೈನ್ ಎಂಬಾತ ಉಸಿರಿನಿಂದ ಕುಡಿತವನ್ನು ಅಳೆಯುವ ಯಂತ್ರ ಮಾಡಿದ್ದು 1954ರಲ್ಲಿ. ನಮ್ಮ ಅಜ್ಜಿಯರು ಅದಕ್ಕೂ ಎಷ್ಟೋ ಮೊದಲು ಬರೀ ಮೂಗಿನಿಂದ ಆ ಕೆಲಸ ಮಾಡುತ್ತಿದ್ದರು.

ಆದರೆ ಮನೆಯ ಹೊಸ್ತಿಲು ದಾಟಿದ ಕೂಡಲೇ ಈ ವಿದ್ಯೆ ಎಲ್ಲಿ ಹೋಗುತ್ತದೋ! ಅದೇ ಮನುಷ್ಯ ಗಾಡಿ ನಡೆಸಲು ಕೂತಾಗ, ನಾವು ಸೆರಗನ್ನು ಮೂಗಿಗೆ ಹಿಡಿದು ಸುಮ್ಮನೆ ಹತ್ತಿ ಕೂಡುತ್ತೇವೆ.

ಕುಂದಗೋಳ ತಾಲೂಕಿನ ಒಂದು ಹಳ್ಳಿಯ ಶಾಲೆಗೆ ನಾನು ಹುಬ್ಬಳ್ಳಿಯಿಂದ ದಿನಾಲು ಹೋಗಿಬರುತ್ತಿದ್ದೆ. ನಮ್ಮ ಕಡೆಯ ಎರಿ ಹೊಲಗಳನ್ನು ನೀವು ನೋಡಿರಬಹುದು. ಮಳೆಗಾಲದಲ್ಲಿ ಹೆಸರು, ಆಮೇಲೆ ಹತ್ತಿ, ಮೆಣಸಿನಕಾಯಿ, ಕಡಲೆ. ಕಳೆ ತೆಗೆಯುವುದರಿಂದ ಹಿಡಿದು ಕಾಯಿ ಹರಿಯುವವರೆಗೆ ಬಹುಪಾಲು ಹೆಂಗಸರದೇ ಕೆಲಸ. ಬೆಳಗ್ಗೆ ಬುತ್ತಿಗಂಟು ಹಿಡಿದುಕೊಂಡು ಟಂಟಂ ಹತ್ತುತ್ತಾರೆ, ಸಂಜೆ ಅದರಲ್ಲೇ ತಿರುಗಿ ಬರುತ್ತಾರೆ. ನಾಲ್ಕೈದು ಮಂದಿಗೆಂದು ಮಾಡಿದ ಗಾಡಿಯಲ್ಲಿ ಹನ್ನೆರಡು, ಹದಿನಾಲ್ಕು ಜನ. ಒಬ್ಬರ ತೊಡೆಯ ಮೇಲೆ ಇನ್ನೊಬ್ಬರ ಕೂಸು.

2022ರ ಫೆಬ್ರುವರಿಯ ಒಂದು ಸಂಜೆ. ಶಾಲೆಯಲ್ಲಿ ಸಭೆಯಿದ್ದುದರಿಂದ ಹೊತ್ತಾಗಿತ್ತು. ನಾನು ಬಸ್ಸಿಗೆ ಕಾಯುತ್ತ ಕ್ರಾಸಿನಲ್ಲಿ ನಿಂತಿದ್ದೆ. ಮೆಣಸಿನಕಾಯಿ ಹರಿದು ದಣಿದ ಹೆಣ್ಣುಮಕ್ಕಳು ಟಂಟಂ ತುಂಬ ಕೂತಿದ್ದರು. ಚಾಲಕ ಮಾತ್ರ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಗೂಡಂಗಡಿಯ ಹಿಂದಿನಿಂದ ಬಂದ. ನನ್ನನ್ನು ಕಂಡು, 'ಅಕ್ಕೋರ, ನಮಸ್ಕಾರ್ರಿ' ಎಂದು ಕೈ ಎತ್ತಿದ. ಹತ್ತು ವರ್ಷದ ಹಿಂದೆ ನನ್ನ ಕೈಯಲ್ಲಿ ಮಗ್ಗಿ ಕಲಿತ ಹುಡುಗ. ಕೀಲಿ ಹಾಕಲು ಹೋಗಿ ಮೂರು ಸಲ ತಪ್ಪಿದ.

'ಇವತ್ತ ಗಾಡಿ ಬಿಡಬ್ಯಾಡಪಾ, ಇಳಿ' ಎಂದೆ. ನಕ್ಕ. ಒಳಗಿದ್ದವರಿಗೆ ಹೇಳಿದೆ. 'ನಮ್ಮ ಹುಡುಗ ಅದಾನ ಬಿಡ್ರಿ ಅಕ್ಕೋರ, ಕಣ್ಣು ಮುಚ್ಚಿದ್ರೂ ಅವಗ ದಾರಿ ಗೊತ್ತೈತಿ' ಎಂದಳೊಬ್ಬಳು. ಎದುರಿನಿಂದ ಬರುವ ಟ್ರಾಕ್ಟರಿಗೆ ಆ ದಾರಿಯಲ್ಲಿ ಇವನಿದ್ದಾನೆಂದು ಗೊತ್ತಿರಬೇಕಲ್ಲ! ಗಾಡಿ ದೀಪ ಹಾಕದೆಯೇ ಎಡಕ್ಕೆ ಬಲಕ್ಕೆ ಹೊಯ್ದಾಡುತ್ತ ಹೊರಟಿತು. ನಾನು 112ಕ್ಕೆ ಫೋನು ಮಾಡಿದೆ.

ಎಲ್ಲಿಂದ ಮಾತಾಡುತ್ತಿದ್ದೀರಿ, ಗಾಡಿ ಯಾವ ಕಡೆ ಹೋಯಿತು, ನಂಬರು ನೋಡಿದಿರಾ ಎಂದು ಕೇಳಿದರು. ಆಮೇಲೆ ಬಂತು ನಾನು ಅಂಜಿದ್ದ ಪ್ರಶ್ನೆ: 'ಕುಡದಾನ ಅಂತ ಖಾತ್ರಿ ಐತೇನ್ರಿ ಮೇಡಂ?'

'ಖಾತ್ರಿ ಇಲ್ರಿ, ಅನುಮಾನ ಐತಿ. ಕಂಡದ್ದಷ್ಟ ಹೇಳತೀನಿ' ಎಂದು ಕೀಲಿಯ ಸಂಗತಿ, ದೀಪದ ಸಂಗತಿ, ಒಳಗೆ ಎಷ್ಟು ಜನ ಇದ್ದಾರೆಂಬುದನ್ನು ಹೇಳಿದೆ.

'ಅಷ್ಟು ಸಾಕ್ರಿ' ಎಂದಿತು ಆ ಕಡೆಯ ದನಿ.

ಆ 'ಅಷ್ಟು ಸಾಕ್ರಿ' ಎಂಬ ಮಾತನ್ನು ನಾನು ಎಷ್ಟೋ ಗೆಳತಿಯರಿಗೆ ಹೇಳಿದ್ದೇನೆ. ನಾವು ಬಾಯಿ ಬಿಡದಿರುವುದಕ್ಕೆ ದೊಡ್ಡ ಕಾರಣವೇ, 'ಅವನು ಕುಡಿದಿರದಿದ್ದರೆ?' ಎಂಬ ಅಂಜಿಕೆ. ಅದನ್ನು ಗೊತ್ತುಮಾಡುವ ಕೆಲಸ ನಮ್ಮದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 185ನೆಯ ಕಲಮು, ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮಿಗಿಂತ ಹೆಚ್ಚು ಮದ್ಯಸಾರವಿದ್ದರೆ ಅಪರಾಧ ಎನ್ನುತ್ತದೆ. ಯಂತ್ರದಲ್ಲಿ ಊದಿಸುತ್ತಾರೆ, ಇದ್ದರೆ ತೋರಿಸುತ್ತದೆ, ಇಲ್ಲದಿದ್ದರೆ ಹುಡುಗ ತನ್ನ ದಾರಿ ಹಿಡಿಯುತ್ತಾನೆ. ನಮ್ಮ ಅನುಮಾನ ತಪ್ಪಾದರೆ ಅವನಿಗಾಗುವ ನಷ್ಟ ಒಂದು ಉಸಿರು, ಹತ್ತು ನಿಮಿಷ. ಆದರೆ ತಡಮಾಡುವಂತಿಲ್ಲ. ಹೊತ್ತು ಹೋದಂತೆ ರಕ್ತದಲ್ಲಿನ ಮದ್ಯಸಾರ ಇಳಿಯುತ್ತ ಹೋಗುತ್ತದೆ. ಈ ಅಪರಾಧಕ್ಕೆ ಬಂಧಿಸಿದವನನ್ನು ಎರಡು ತಾಸಿನೊಳಗೆ ವೈದ್ಯರ ತಪಾಸಣೆಗೆ ಒಳಪಡಿಸದಿದ್ದರೆ ಬಿಟ್ಟುಬಿಡಬೇಕೆಂದೂ ಕಾಯ್ದೆಯಲ್ಲಿದೆ. ಮರುದಿನ ಬೆಳಗ್ಗೆ ಹೇಳಿದ ಮಾತು ಕಟ್ಟೆಯ ಮೇಲಿನ ಹರಟೆಯಾದೀತೇ ಹೊರತು ಯಾರನ್ನೂ ಉಳಿಸುವುದಿಲ್ಲ.

ಮುಂದಿನ ಊರಿನ ಅಗಸಿಯ ಹತ್ತಿರ ಗಾಡಿಯನ್ನು ನಿಲ್ಲಿಸಿದರಂತೆ. ಯಂತ್ರ ತೋರಿಸಿತು. ಹೆಣ್ಣುಮಕ್ಕಳು ಕತ್ತಲಲ್ಲಿ ಬುತ್ತಿಗಂಟು ಹೊತ್ತು ನಡೆದುಕೊಂಡು ಮನೆ ಮುಟ್ಟಿದರು. ದಾರಿಯುದ್ದಕ್ಕೂ ಬೈದದ್ದು ಅವನನ್ನಲ್ಲ, ನನ್ನನ್ನು. ಕ್ರಾಸಿನಲ್ಲಿ ನಿಂತವಳು ನಾನೊಬ್ಬಳೇ ಆದ್ದರಿಂದ ಫೋನು ಮಾಡಿದವರಾರೆಂದು ಯಾರೂ ಹುಡುಕಬೇಕಾಗಿರಲಿಲ್ಲ.

ಎರಡು ದಿನ ಬಿಟ್ಟು ಅವನ ತಾಯಿ ಶಾಲೆಗೆ ಬಂದಳು. 2019ರ ಸೆಪ್ಟೆಂಬರಿನಿಂದ ಈ ಅಪರಾಧಕ್ಕೆ ಮೊದಲ ಸಲವೇ ಹತ್ತು ಸಾವಿರ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸೆರೆ, ಇಲ್ಲವೆ ಎರಡೂ. ಅದಕ್ಕೂ ಮೊದಲು ದಂಡ ಎರಡು ಸಾವಿರದೊಳಗಿತ್ತು.

'ಹತ್ತು ಸಾವಿರ ಅಂದ್ರ ನಾ ಎಷ್ಟು ದಿನ ಕಾಯಿ ಹರೀಬೇಕ್ರಿ ಅಕ್ಕೋರ? ಸಣ್ಣಾಂವಿದ್ದಾಗ ನಿಮ್ಮ ಕೈಯಾಗ ಹೊಡಸ್ಕೊಂಡಾನ. ಕರದು ಎರಡು ಕಪಾಳಕ್ಕ ಹೊಡದಿದ್ರ ನಾ ಏನೂ ಅಂತಿರಲಿಲ್ಲ. ಪೊಲೀಸರಿಗ್ಯಾಕ ಹೇಳಿದ್ರಿ?'

'ಹೊಡದಿದ್ರ ಗಾಡಿ ನಿಂದ್ರತಿರಲಿಲ್ಲವ್ವಾ' ಎಂದೆ. ಆಕೆ ಕಣ್ಣೊರೆಸಿಕೊಂಡು ಎದ್ದುಹೋದಳು. ನಾನು ವರ್ಗವಾಗಿ ಬರುವವರೆಗೂ ನನ್ನೊಡನೆ ಮಾತಾಡಲಿಲ್ಲ. ಆಕೆಯ ಸಿಟ್ಟು ಸುಳ್ಳೆಂದು ನಾನು ಹೇಳಲಾರೆ. ದಂಡ ಬಡವರ ಮನೆಯಲ್ಲಿ ಬಿದ್ದಾಗ ಅದನ್ನು ತೀರಿಸುವವಳು ಕುಡಿದವನಲ್ಲ, ಅವನ ತಾಯಿ. ಅಂದು ಆ ಗಾಡಿಯಲ್ಲಿ ಆಕೆಯ ಸೊಸೆಯೂ ಇದ್ದಳೆಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಆ ಮಾತನ್ನು ಆಕೆಯೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸರಕಾರ ತನ್ನ ಕಡೆಯಿಂದ ಏನೂ ಮಾಡಿಲ್ಲವೆಂದಲ್ಲ. 2007ರ ಜುಲೈ 1ರಿಂದ ನಮ್ಮ ರಾಜ್ಯದಲ್ಲಿ ಸಾರಾಯಿ ಬಂದಾಯಿತು. ಆ ಜಾಗಕ್ಕೆ ಅಗ್ಗದ ಬೇರೆ ಮದ್ಯ ಬಂದಿತು. ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಇರಬಾರದೆಂದು 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಮರುವರ್ಷವೇ ಸಣ್ಣ ಊರುಗಳಿಗೆ ಆ ಅಂತರವನ್ನು 220 ಮೀಟರಿಗೆ ಇಳಿಸಿ, ನಗರಗಳಿಗೆ ಸಡಿಲಿಕೆಯನ್ನೂ ಕೊಟ್ಟಿತು. ಅಂಗಡಿ ಹತ್ತಿರವಿರಲಿ, ದೂರವಿರಲಿ, ಕುಡಿದವನು ಗಾಡಿ ಹತ್ತುವ ಗಳಿಗೆಯಲ್ಲಿ ಅಲ್ಲಿ ಕೋರ್ಟು ಇರುವುದಿಲ್ಲ. ಸಂತೆಯ ಚೀಲ ಹಿಡಿದ ನೀವು ಇರುತ್ತೀರಿ, ನಾನು ಇರುತ್ತೇನೆ.

ಜಗಳ ತೆಗೆಯಬೇಡಿ, ಬೆನ್ನು ಹತ್ತಲೂ ಬೇಡಿ. ಗಾಡಿಯ ನಂಬರು, ಬಣ್ಣ, ಹೋದ ದಿಕ್ಕು, ಕಣ್ಣಿಗೆ ಕಂಡದ್ದು, ಇಷ್ಟನ್ನು 112ಕ್ಕೆ ಹೇಳಿ. ಚಾಡಿಯೆಂದು ಯಾರಾದರೂ ಅಂದಾರು, ಅನ್ನಲಿ. ಚಾಡಿ ಹೇಳುವವರು ಎರಡು ಮನೆ ಒಡೆಯಲೆಂದು ಹೇಳುತ್ತಾರೆ. ಇದು ಹದಿನಾಲ್ಕು ಮನೆಗಳಿಗೆ ಅವರವರ ಹೆಣ್ಣುಮಕ್ಕಳು ಹೊತ್ತಿಗೆ ಸರಿಯಾಗಿ ಅಲ್ಲದಿದ್ದರೂ, ಕಾಲ್ನಡಿಗೆಯಲ್ಲಾದರೂ, ಬೈಯುತ್ತಲಾದರೂ ಬಂದು ಮುಟ್ಟಲೆಂದು ಹೇಳುವ ಮಾತು.