ಶಾಲೆಯ ಗಂಟೆಗೆ ಮುನ್ನ

ಹುಬ್ಬಳ್ಳಿ-ಧಾರವಾಡದ ಕಡೆಯ ಮನೆಗಳಲ್ಲಿ ಹುಡುಗನೊಬ್ಬ ತಂಬೂರಿ ಹಿಡಿದು ಕುಳಿತರೆ, ಇವನೂ ಒಬ್ಬ ಭೀಮಸೇನನಾದಾನೆಂದು ಹಿರಿಯರು ಒಳಗೊಳಗೇ ಹಿಗ್ಗುತ್ತಾರೆ. ಅದೇ ಹುಡುಗ ದಾಂಡು-ಚೆಂಡು ಹಿಡಿದು ಹೊರಟರೆ ಹಿಗ್ಗುವವರು ಕಡಿಮೆ. "ಅಭ್ಯಾಸ ಯಾವಾಗ ಮಾಡ್ತೀಯಪ್ಪಾ?" ಎಂಬ ಪ್ರಶ್ನೆ ಅವನನ್ನು ಹೊಸ್ತಿಲಲ್ಲಿಯೇ ತಡೆಯುತ್ತದೆ. ಅಭ್ಯಾಸವೆಂಬ ಮಾತು ಪುಸ್ತಕಕ್ಕೆ ಸಲ್ಲುತ್ತದೆ, ಸಂಗೀತದ ರಿಯಾಜಿಗೂ ಸಲ್ಲುತ್ತದೆ. ಆಟಕ್ಕೂ ಸಲ್ಲುತ್ತದೆಂದು ಒಪ್ಪುವುದಕ್ಕೆ ಮಾತ್ರ ಮನಸ್ಸು ಹಿಂಜರಿಯುತ್ತದೆ. ಈ ಹಿಂಜರಿಕೆಗೆ ಗದಗಿನ ಹುಡುಗನೊಬ್ಬ ಬಾಯಿಮಾತಿನಲ್ಲಿ ಅಲ್ಲದೆ ಪ್ರತಿದಿನದ ನಡೆಯಲ್ಲಿ ಉತ್ತರ ಕೊಟ್ಟ. ಆತನೇ ಮುಂದೆ ಭಾರತದ ಪರವಾಗಿ ಹದಿನೈದು ಟೆಸ್ಟ್ ಪಂದ್ಯಗಳನ್ನಾಡಿದ ಸುನಿಲ್ ಜೋಶಿ.

ಜೋಶಿಯವರು ಹುಟ್ಟಿದುದು ೧೯೭೦ರ ಜೂನ್ ೬ರಂದು, ಗದಗಿನಲ್ಲಿ. ಕುಮಾರವ್ಯಾಸನ ಹೆಸರಿನೊಡನೆ ನೆನಪಾಗುವ ಊರದು. ಮುದ್ರಣಾಲಯ, ಮಗ್ಗ, ಹತ್ತಿಯ ವ್ಯಾಪಾರ ಎಲ್ಲವೂ ಉಂಟು. ಆದರೆ ಕ್ರಿಕೆಟ್ಟನ್ನು ಶಾಸ್ತ್ರೋಕ್ತವಾಗಿ ಕಲಿಯಬೇಕೆಂಬ ಹುಡುಗನಿಗೆ ಅಂದು ಆ ಊರು ಸಾಲದಾಗಿತ್ತು. ಕಲಿಕೆಯ ಅನುಕೂಲವಿದ್ದುದು ಹುಬ್ಬಳ್ಳಿಯಲ್ಲಿ; ನಡುವೆ ಸುಮಾರು ೬೦ ಕಿಲೋಮೀಟರುಗಳ ಅಂತರ. ಹುಲಕೋಟಿಯನ್ನು ದಾಟಿ, ಪಂಪನ ತಾಯಿಯ ತವರೆಂದು ಹೆಸರಾದ ಅಣ್ಣಿಗೇರಿಯನ್ನು ಹಾಯ್ದು, ಎರೆಹೊಲಗಳ ನಡುವೆ ಸಾಗುವ ದಾರಿ. ಮುಂಜಾವಿನಲ್ಲಿ ಮನೆಬಿಟ್ಟು ಹುಬ್ಬಳ್ಳಿಗೆ ಹೋಗುವುದು, ಅಲ್ಲಿ ಅಭ್ಯಾಸ ಮುಗಿಸುವುದು, ಶಾಲೆಯ ಹೊತ್ತಿಗೆ ಸರಿಯಾಗಿ ಗದಗಿಗೆ ಮರಳುವುದು: ಇದು ಆ ಬಾಲಕನ ದಿನಚರಿಯಾಯಿತು.

ಇದೇ ಗದಗಿನಿಂದ ಅರ್ಧ ಶತಮಾನದಷ್ಟು ಹಿಂದೆ ಇನ್ನೊಬ್ಬ ಜೋಶಿ ಹೊರಟಿದ್ದರು. ೧೯೩೩ರಲ್ಲಿ, ಹನ್ನೊಂದರ ವಯಸ್ಸಿನ ಭೀಮಸೇನ ಜೋಶಿ ಗುರುವನ್ನರಸುತ್ತ ಮನೆ ಬಿಟ್ಟರು. ಊರೂರು ಅಲೆದು, ಕಡೆಗೆ ಹುಬ್ಬಳ್ಳಿಗೆ ಸಮೀಪದ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಆಶ್ರಯ ಪಡೆದರು. ಆ ಕಥೆಯನ್ನು ಈ ಸೀಮೆಯ ಜನ ಇಂದಿಗೂ ಬೆರಗಿನಿಂದ ಹೇಳುತ್ತಾರೆ. ಮನೆಬಿಟ್ಟು ಹೋದವನ ಸಾಹಸಕ್ಕೆ ಕಥೆಯ ಬಣ್ಣವಿದೆ. ಪ್ರತಿದಿನ ಹೋಗಿ ಪ್ರತಿದಿನ ಮರಳಿದವನ ಸಾಹಸಕ್ಕೆ ಆ ಬಣ್ಣವಿಲ್ಲ. ಶಾಲೆಯ ಬೆಂಚಿನ ಮೇಲೆ ಕುಳಿತ ಹುಡುಗ ಆಗಲೇ ನೂರಿಪ್ಪತ್ತು ಕಿಲೋಮೀಟರು ತಿರುಗಿ ಬಂದಿದ್ದಾನೆಂಬುದು ಪಕ್ಕದಲ್ಲಿ ಕುಳಿತವನಿಗೆ ಹೇಗೆ ತಿಳಿಯಬೇಕು? ಪುಸ್ತಕವನ್ನೂ ಬಿಡದೆ ಚೆಂಡನ್ನೂ ಬಿಡದೆ ಎರಡನ್ನೂ ಹೊತ್ತು ನಡೆದುದೇ ಆ ಸಾಹಸದ ಸ್ವರೂಪ.

ಅವರು ಆರಿಸಿಕೊಂಡ ವಿದ್ಯೆಯೂ ಈ ಸ್ವಭಾವಕ್ಕೆ ತಕ್ಕದ್ದೇ ಆಗಿತ್ತು. ವೇಗದ ಬೌಲರನ ಓಟದಲ್ಲಿ ನೋಡುವವರಿಗೆ ರೋಮಾಂಚನವಿದೆ. ಎಡಗೈ ಸ್ಪಿನ್ನರನಿಗೆ ಆ ಭಾಗ್ಯವಿಲ್ಲ. ನಾಲ್ಕಾರು ಹೆಜ್ಜೆ ಬಂದು, ಬೆರಳಿನಿಂದ ಚೆಂಡನ್ನು ತಿರುವಿ, ಗಾಳಿಯಲ್ಲಿ ತುಸು ತೇಲಿಸಿ, ಬಲಗೈ ದಾಂಡಿಗನ ಎದುರಿನ ಒಂದೇ ತಾಣದಲ್ಲಿ ಅದನ್ನು ಇಳಿಸಬೇಕು. ನೆಲ ಮುಟ್ಟಿದ ಚೆಂಡು ದಾಂಡಿಗನಿಂದ ಆಚೆಗೆ ಸರಿಯುತ್ತದೆ. ಒಮ್ಮೊಮ್ಮೆ ಸರಿಯದೆ ನೇರವಾಗಿ ಒಳನುಗ್ಗುತ್ತದೆ. ಯಾವುದು ಸರಿಯುತ್ತದೆ, ಯಾವುದು ನುಗ್ಗುತ್ತದೆ ಎಂಬ ಸಂಶಯವೇ ಬೌಲರನ ಆಯುಧ. ಆದರೆ ಆ ಸಂಶಯ ಹುಟ್ಟಬೇಕಾದರೆ ಮೊದಲು ಚೆಂಡು ಹೇಳಿದ ಜಾಗದಲ್ಲಿಯೇ ಬೀಳಬೇಕು. ಹತ್ತು ಸಲ ಬಿದ್ದರೆ ಸಾಲದು, ಸಾವಿರ ಸಲ ಬೀಳಬೇಕು. ಗಾಯಕನು ಒಂದೇ ಷಡ್ಜದ ಮೇಲೆ ಬೆಳಗಿನ ಹೊತ್ತು ಕಳೆಯುವುದಕ್ಕೂ ಇದಕ್ಕೂ ದೂರದ ನೆಂಟಸ್ತಿಕೆಯೇನಲ್ಲ.

೧೯೯೨-೯೩ರಲ್ಲಿ ಜೋಶಿಯವರು ಕರ್ನಾಟಕದ ರಣಜಿ ತಂಡಕ್ಕೆ ಬಂದರು. ಚಂದ್ರಶೇಖರ್ ಮತ್ತು ಪ್ರಸನ್ನರ ಕಾಲದಿಂದಲೂ ಸ್ಪಿನ್ನಿನಲ್ಲಿ ಹೆಸರುವಾಸಿಯಾದ ತಂಡವದು. ಎಡಗೈ ಸ್ಪಿನ್ನರ ಸ್ಥಾನವನ್ನು ರಘುರಾಮ ಭಟ್ಟರು ಬಹುಕಾಲ ತುಂಬಿದ್ದರು. ಅಂಥ ಪೀಠದಲ್ಲಿ ಗದಗಿನ ತರುಣ ನೆಲೆಯೂರಿದ. ೧೯೯೫-೯೬ರ ಋತು ಅವರ ಪಾಲಿಗೆ ಸುಗ್ಗಿಯಾಯಿತು. ಒಂದೇ ರಣಜಿ ಋತುವಿನಲ್ಲಿ ೫೦೦ಕ್ಕೂ ಹೆಚ್ಚು ರನ್ನು, ೫೦ಕ್ಕೂ ಹೆಚ್ಚು ವಿಕೆಟ್ಟು! ಆ ವರ್ಷ ರಣಜಿ ಕಿರೀಟವೂ ಕರ್ನಾಟಕಕ್ಕೆ ಬಂದಿತು. ಇಂಗ್ಲೆಂಡಿಗೆ ಹೊರಟ ಭಾರತ ತಂಡದಲ್ಲಿ ಜೋಶಿಯವರ ಹೆಸರೂ ಸೇರಿತು.

ವಿಧಿಯ ವಿನೋದವೆಂಬುದು ಇಲ್ಲಿಂದ ಮೊದಲಾಗುತ್ತದೆ. ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ ಮೈದಾನದಲ್ಲಿ ೧೯೯೬ರ ಜೂನ್ ೬ರಂದು ಮೊದಲ ಟೆಸ್ಟ್ ಆರಂಭವಾಯಿತು. ಅಂದು ಜೋಶಿಯವರಿಗೆ ೨೬ ತುಂಬಿದ ದಿನ. ಹುಟ್ಟುಹಬ್ಬದ ದಿನವೇ ದೇಶದ ಟೋಪಿ ತಲೆಗೇರಿತು. ಆದರೆ ಬೆರಳಿಗೆ ಪೆಟ್ಟಾಗಿ, ಆ ಪಂದ್ಯದಲ್ಲಿ ಅವರು ಒಂದು ಚೆಂಡನ್ನೂ ಎಸೆಯಲಾಗಲಿಲ್ಲ. ಸ್ಪಿನ್ನರನಿಗೆ ಬೆರಳೆಂದರೆ ವೈಣಿಕನಿಗೆ ಬೆರಳಿದ್ದಂತೆ. ಎಷ್ಟು ವರ್ಷಗಳ ಮುಂಜಾವುಗಳನ್ನು ಕೊಟ್ಟು ಗಳಿಸಿದ ಆ ದಿನ, ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಜಾರಿಹೋಯಿತು. ಅದೇ ತಿಂಗಳು ಲಾರ್ಡ್ಸ್‌ನಲ್ಲಿ ನಡೆದ ಎರಡನೆಯ ಟೆಸ್ಟಿನಲ್ಲಿ ರಾಹುಲ್ ದ್ರಾವಿಡ್ ಮತ್ತು ಸೌರವ್ ಗಂಗೂಲಿ ಪದಾರ್ಪಣ ಮಾಡಿದರು. ಲೋಕದ ಕಣ್ಣು ಆ ಕಡೆಗೆ ತಿರುಗಿತು.

ಬೆರಳು ವಾಸಿಯಾಯಿತು, ಆದರೆ ದಾರಿ ಸುಗಮವಾಗಲಿಲ್ಲ. ಅದು ಅನಿಲ್ ಕುಂಬ್ಳೆಯವರ ಕಾಲ. ವಿದೇಶದ ನೆಲದಲ್ಲಿ ಒಬ್ಬನೇ ಸ್ಪಿನ್ನರ್ ಸಾಕೆಂದರೆ ಆ ಒಬ್ಬ ಯಾರೆಂಬುದರಲ್ಲಿ ಚರ್ಚೆಗೆ ಎಡೆಯಿರಲಿಲ್ಲ. ಎರಡನೆಯ ಸ್ಥಾನವಿದ್ದಾಗ ಅದಕ್ಕೆ ಹಲವರು ಕಾದಿರುತ್ತಿದ್ದರು. ಕರೆ ಬಂದಾಗ ಹೋಗುವುದು, ಕರೆ ನಿಂತಾಗ ರಣಜಿಗೆ ಮರಳುವುದು: ಗದಗ-ಹುಬ್ಬಳ್ಳಿಯ ಹಳೆಯ ದಿನಚರಿಯೇ ದೊಡ್ಡ ಪ್ರಮಾಣದಲ್ಲಿ ಮತ್ತೆ ಬಂದಂತಾಯಿತು. ಇಂಥ ಸ್ಥಿತಿಯಲ್ಲಿ ಅನೇಕರು ಕಹಿಯಾಗುತ್ತಾರೆ; ಕೆಲವರು ಸಡಿಲಾಗುತ್ತಾರೆ. ಜೋಶಿಯವರು ಸಿದ್ಧರಾಗಿಯೇ ಇದ್ದರೆಂಬುದಕ್ಕೆ ಎರಡು ದಿನಾಂಕಗಳು ಸಾಕ್ಷಿ ನುಡಿಯುತ್ತವೆ.

ಮೊದಲನೆಯದು ೧೯೯೯ರ ಸೆಪ್ಟೆಂಬರ್ ೨೬. ಕೀನ್ಯಾ ದೇಶದ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಏಕದಿನ ಪಂದ್ಯ. ಗಿಬ್ಸ್, ಕ್ರೋನಿಯೆ, ರೋಡ್ಸ್, ಪೊಲಾಕ್‌ರಂಥ ಆಟಗಾರರಿದ್ದ ಬಲಾಢ್ಯ ತಂಡವದು. ಜೋಶಿಯವರು ಹತ್ತು ಓವರು ಎಸೆದರು. ಅವುಗಳಲ್ಲಿ ಆರು ಓವರುಗಳಿಂದ ಒಂದು ರನ್ನೂ ಬರಲಿಲ್ಲ. ಒಟ್ಟು ಕೊಟ್ಟ ರನ್ನು ೬, ಪಡೆದ ವಿಕೆಟ್ಟು ೫. ದಕ್ಷಿಣ ಆಫ್ರಿಕ ೧೧೭ಕ್ಕೆ ಕುಸಿಯಿತು. ಅರವತ್ತು ಎಸೆತಗಳಿಗೆ ಆರು ರನ್ನು ಎಂಬ ಲೆಕ್ಕವನ್ನು ಮತ್ತೊಮ್ಮೆ ಓದಿದರೆ ಅದರ ತೂಕ ತಿಳಿದೀತು. ಬೀಸಿ ಹೊಡೆಯಬೇಕಾದ ಆಟದಲ್ಲಿ ಅಂಥ ದಾಂಡಿಗರು ಕೈಕಟ್ಟಿ ನಿಲ್ಲಬೇಕಾಯಿತೆಂದರೆ ಚೆಂಡು ಎಂಥ ನಿಯತ್ತಿನಿಂದ ಒಂದೇ ತಾಣಕ್ಕೆ ಬಂದಿರಬೇಕು!

ಎರಡನೆಯದು ೨೦೦೦ದ ನವೆಂಬರ್. ಬಾಂಗ್ಲಾದೇಶವು ತನ್ನ ಮೊಟ್ಟಮೊದಲ ಟೆಸ್ಟನ್ನು ಢಾಕಾದಲ್ಲಿ ಭಾರತದ ವಿರುದ್ಧ ಆಡಿತು. ಕುಂಬ್ಳೆಯವರು ಭುಜದ ನೋವಿನಿಂದ ತಂಡದಲ್ಲಿರಲಿಲ್ಲ. ಹೊಸ ತಂಡವೆಂದು ಹಗುರವಾಗಿ ಎಣಿಸಿದವರ ಎದುರಿಗೆ ಬಾಂಗ್ಲಾದೇಶ ೪೦೦ ರನ್ನು ಪೇರಿಸಿತು. ಜೋಶಿಯವರು ೧೪೨ ರನ್ನು ಕೊಟ್ಟು ೫ ವಿಕೆಟ್ಟು ಪಡೆದರು. ಬಳಿಕ ಭಾರತದ ಸರದಿ ತಡವರಿಸುತ್ತಿದ್ದಾಗ ನಾಯಕ ಗಂಗೂಲಿಯವರೊಡನೆ ನಿಂತು ೯೨ ರನ್ನು ಗಳಿಸಿದರು. ಎರಡನೆಯ ಸರದಿಯಲ್ಲಿ ಮತ್ತೆ ೩ ವಿಕೆಟ್ಟು. ಎದುರಾಳಿ ತಂಡ ೯೧ಕ್ಕೆ ಮುಗಿಯಿತು, ಭಾರತ ಗೆದ್ದಿತು, ಪಂದ್ಯಶ್ರೇಷ್ಠರೆಂಬ ಗೌರವ ಗದಗಿನವರಿಗೆ ಸಂದಿತು.

ಶತಕಕ್ಕೆ ಎಂಟು ರನ್ನು ಕಡಿಮೆಯಾದುದಕ್ಕೆ ಅಂದು ಮರುಗಿದವರಿದ್ದಿರಬಹುದು. ಅದಕ್ಕಿಂತ ಮರುಗಬೇಕಾದ ಸಂಗತಿ ಬೇರೆಯೇ ಇತ್ತು. ಅದೇ ತಿಂಗಳ ಕೊನೆಯಲ್ಲಿ ನಾಗಪುರದಲ್ಲಿ ಜಿಂಬಾಬ್ವೆಯ ವಿರುದ್ಧ ಆಡಿದ ಪಂದ್ಯವೇ ಅವರ ಕೊನೆಯ ಟೆಸ್ಟ್ ಆಯಿತು. ೨೦೦೧ರ ಫೆಬ್ರವರಿ-ಮಾರ್ಚಿನಲ್ಲಿ ಹರ್ಭಜನ್ ಸಿಂಗ್ ಆಸ್ಟ್ರೇಲಿಯದ ವಿರುದ್ಧ ಮೂರೇ ಟೆಸ್ಟುಗಳಲ್ಲಿ ೩೨ ವಿಕೆಟ್ಟು ಕಿತ್ತರು. ಎರಡನೆಯ ಸ್ಪಿನ್ನರನ ಪೀಠವೂ ಭರ್ತಿಯಾಯಿತು. ೧೫ ಟೆಸ್ಟುಗಳಲ್ಲಿ ೪೧ ವಿಕೆಟ್ಟು, ೬೯ ಏಕದಿನ ಪಂದ್ಯಗಳಲ್ಲಿ ೬೯ ವಿಕೆಟ್ಟು: ಮೂವತ್ತರ ಆಸುಪಾಸಿನಲ್ಲಿಯೇ ದೇಶದ ಪರವಾದ ಲೆಕ್ಕ ಮುಚ್ಚಿತು.

ಒಬ್ಬನ ಬದುಕನ್ನು ಅಳೆಯುವವರಿಗೆ ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅಷ್ಟೊಂದು ಮುಂಜಾವುಗಳ ಫಲ ಹದಿನೈದು ಟೆಸ್ಟುಗಳೇ? ಹಾಗೆ ಭಾಗಿಸಿ ನೋಡಿದರೆ ವ್ಯಾಪಾರ ನಷ್ಟದ್ದೆಂದೇ ತೋರುತ್ತದೆ. ಆದರೆ ಜೋಶಿಯವರ ಮುಂದಿನ ದಾರಿ ಈ ಲೆಕ್ಕಕ್ಕೆ ಬೇರೆ ಅರ್ಥ ಕೊಡುತ್ತದೆ. ದೇಶದ ಕರೆ ನಿಂತ ಮೇಲೂ ಅವರು ಸುಮಾರು ಒಂದು ದಶಕದ ಕಾಲ ರಣಜಿ ಆಡಿದರು. ದೂರದರ್ಶನದ ಬೆಳಕಿಲ್ಲದ, ಪ್ರೇಕ್ಷಕರು ಬೆರಳೆಣಿಕೆಯಷ್ಟಿರುವ ಮೈದಾನಗಳಲ್ಲಿ ಅದೇ ನಾಲ್ಕು ಹೆಜ್ಜೆ, ಅದೇ ತಾಣ. ೨೦೧೨ರಲ್ಲಿ ನಿವೃತ್ತಿ ಸಾರಿದಾಗ ಪ್ರಥಮದರ್ಜೆ ಪಂದ್ಯಗಳಲ್ಲಿ ಅವರ ವಿಕೆಟ್ಟುಗಳು ೬೧೫, ರನ್ನುಗಳು ಐದು ಸಾವಿರಕ್ಕೂ ಹೆಚ್ಚು. ಬಹುಮಾನ ಖಚಿತವಿದ್ದಾಗ ದುಡಿಯುವವರು ಎಲ್ಲೆಲ್ಲಿಯೂ ಸಿಗುತ್ತಾರೆ. ಬಹುಮಾನದ ಬಾಗಿಲು ಮುಚ್ಚಿದ ಮೇಲೂ ಹತ್ತು ವರ್ಷ ದುಡಿಯುವವರು ವಿರಳ.

ಆ ಬಳಿಕ ಅವರು ಕಲಿಸುವ ಕೆಲಸಕ್ಕಿಳಿದರು. ಹೈದರಾಬಾದ್, ಒಮಾನ್, ಬಾಂಗ್ಲಾದೇಶ ಮೊದಲಾದ ತಂಡಗಳು ಅವರ ವಿದ್ಯೆಯ ಪ್ರಯೋಜನ ಪಡೆದವು. ಎಲ್ಲಕ್ಕಿಂತ ನೆನೆಯಬೇಕಾದುದು ಜಮ್ಮು-ಕಾಶ್ಮೀರದ ಪ್ರಸಂಗ. ೨೦೧೪ರ ಸೆಪ್ಟೆಂಬರಿನಲ್ಲಿ ಝೇಲಂ ನದಿ ಉಕ್ಕಿ ಶ್ರೀನಗರವನ್ನು ಮುಳುಗಿಸಿತು. ಅಲ್ಲಿನ ಕ್ರಿಕೆಟ್ ಮೈದಾನವೂ ನೀರುಪಾಲಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ, ಜೋಶಿಯವರ ಮಾರ್ಗದರ್ಶನದಲ್ಲಿದ್ದ ಆ ತಂಡ ಮುಂಬಯಿಯ ವಾಂಖೆಡೆ ಮೈದಾನಕ್ಕೆ ಹೋಗಿ, ನಲವತ್ತು ಸಲ ರಣಜಿ ಗೆದ್ದ ಮುಂಬಯಿಯನ್ನು ನಾಲ್ಕು ವಿಕೆಟ್ಟುಗಳಿಂದ ಸೋಲಿಸಿತು. ತಮ್ಮೂರಲ್ಲಿ ಅನುಕೂಲವಿಲ್ಲದವರು ದೂರದ ಊರಿನಲ್ಲಿ ಹೇಗೆ ಆಡಬೇಕೆಂಬುದನ್ನು ಗದಗಿನ ಆ ವಿದ್ಯಾರ್ಥಿಗಿಂತ ಚೆನ್ನಾಗಿ ಬಲ್ಲ ಗುರು ಅವರಿಗೆ ಸಿಕ್ಕುವುದು ಕಷ್ಟವಿತ್ತು.

೨೦೨೦ರಲ್ಲಿ ಅವರು ಕೆಲಕಾಲ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಕರೆಗಾಗಿ ಕಾದವನ ಕೈಗೆ ಕರೆಯುವ ಅಧಿಕಾರ ಬಂದಿತು. ಅವರ ಸಮಿತಿ ಆಸ್ಟ್ರೇಲಿಯಕ್ಕೆ ಆರಿಸಿದ ಟೆಸ್ಟ್ ತಂಡದಲ್ಲಿ ಹೈದರಾಬಾದಿನ ಆಟೋ ಚಾಲಕರೊಬ್ಬರ ಮಗ ಮೊಹಮ್ಮದ್ ಸಿರಾಜ್ ಇದ್ದರು. ೨೦೨೧ರ ಜನವರಿಯಲ್ಲಿ ಬ್ರಿಸ್ಬೇನಿನಲ್ಲಿ ಒಂದೇ ಸರದಿಯಲ್ಲಿ ಐದು ವಿಕೆಟ್ಟು ಪಡೆದು ಐತಿಹಾಸಿಕ ಗೆಲುವಿಗೆ ಅವರು ನೆರವಾದರು.

ಈಗ ಹುಬ್ಬಳ್ಳಿಯ ರಾಜನಗರದಲ್ಲಿ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನವಿದೆ. ರಣಜಿ ಪಂದ್ಯಗಳು ಅಲ್ಲಿಗೇ ನಡೆದುಬಂದಿವೆ. ಅವಳಿನಗರದ ಹುಡುಗರಿಗೆ ದಾರಿ ಹತ್ತಿರವಾಗಿದೆ. ಆದರೂ ಹತ್ತಿರದ ಊರುಗಳಿಂದ ಚೀಲ ಹೊತ್ತು ಬರುವ ಮಕ್ಕಳು ಇದ್ದೇ ಇರುತ್ತಾರೆ. ಅವರಲ್ಲಿ ಎಲ್ಲರಿಗೂ ದೇಶದ ಟೋಪಿ ಸಿಗದು. ನೂರಕ್ಕೆ ತೊಂಬತ್ತೊಂಬತ್ತು ಮಂದಿಯ ಹೆಸರು ಪತ್ರಿಕೆಯಲ್ಲಿ ಅಚ್ಚಾಗದು. ಹಾಗೆಂದು ಅವರ ಪ್ರಯಾಣ ವ್ಯರ್ಥವೆನ್ನುವ ಧೈರ್ಯ ಯಾರಿಗುಂಟು? ಹೊತ್ತಿಗೆ ಮುನ್ನ ಏಳುವುದನ್ನು, ಕೆಲಸ ಮುಗಿಸಿ ಹೊತ್ತಿಗೆ ಸರಿಯಾಗಿ ಮರಳುವುದನ್ನು, ಕರೆ ಬಾರದ ದಿನವೂ ಕೈ ಹದವಾಗಿಟ್ಟುಕೊಳ್ಳುವುದನ್ನು ಕಲಿತ ಹುಡುಗ ಮುಂದೆ ಯಾವ ಕಚೇರಿಯಲ್ಲಿ ಕುಳಿತರೂ, ಯಾವ ಅಂಗಡಿಯ ಗಲ್ಲೆಯ ಮೇಲಿದ್ದರೂ ಆ ಕಲಿಕೆ ಅವನ ಜೊತೆಗಿರುತ್ತದೆ. ಮಗ ಚೀಲವೆತ್ತಿಕೊಂಡು ಹೊರಟಾಗ ಅಭ್ಯಾಸ ಯಾವಾಗ ಮಾಡುತ್ತೀಯೆಂದು ಕೇಳುವ ತಂದೆತಾಯಿಗಳು, ಅವನು ಹೊರಟಿರುವುದೂ ಅಭ್ಯಾಸಕ್ಕೇ ಎಂಬುದನ್ನು ಒಂದು ಗಳಿಗೆ ಎಣಿಸಿದರೆ ಸಾಕು.